ಟೇಪು ನೋಡಿ ಸಹಿ ಹಾಕಿ

ಪೊಲೀಸ್ ಠಾಣೆಯ ಮೆಟ್ಟಿಲಿನಿಂದ ಮಾಸ್ಟರ್ ಅಂಗಡಿಯ ಹೊಸ್ತಿಲಿಗೆ ಹದಿನೇಳು ಹೆಜ್ಜೆ. ಇದನ್ನು ಅಳೆದವರು ಮಾಸ್ಟರೇ. ಅಳೆಯುವುದು ಅವರ ಕಸುಬು ಮಾತ್ರವಲ್ಲ, ಚಟ ಕೂಡ. ಯಾರ ಮನೆಯ ಮದುವೆಗೆ ಹೋದರೂ ಮದುಮಗನ ಭುಜ ಎಡಕ್ಕೆ ವಾಲಿದೆಯೋ ಬಲಕ್ಕೋ ಎಂದು ನೋಡುತ್ತ ಕೂರುವ ಜೀವ ಅದು. ಇಪ್ಪತ್ತೆರಡು ವರ್ಷಗಳಿಂದ ಆ ಅಂಗಡಿಯಲ್ಲಿ ಅವರು ಹೊಲಿದದ್ದು ಹೆಚ್ಚೂಕಡಿಮೆ ಒಂದೇ ಬಣ್ಣ. ಖಾಕಿ ಪ್ಯಾಂಟು, ಖಾಕಿ ಅಂಗಿ, ಭುಜದ ಪಟ್ಟಿ, ಎರಡು ಜೇಬು, ಜೇಬಿನ ಮೇಲೆ ಮುಚ್ಚಳ.

ಅಂಗಡಿ ದೊಡ್ಡದೇನಲ್ಲ. ಬಟ್ಟೆ ಕತ್ತರಿಸುವ ಒಂದು ಮೇಜು, ಎರಡು ಹೊಲಿಗೆ ಮಿಷನ್ನು, ಮೂಲೆಯಲ್ಲಿ ಬಿರುಕು ಬಿಟ್ಟ ಒಂದು ನಿಲುವುಗನ್ನಡಿ, ಗೋಡೆಯುದ್ದಕ್ಕೂ ತೂಗುಹಾಕಿದ ಅರೆಬರೆ ಅಂಗಿಗಳು. ಬಾಗಿಲಲ್ಲಿ ನಿಂತರೆ ಎದುರಿಗೇ ಠಾಣೆ. ಅಲ್ಲಿಗೆ ಯಾರು ಹೋದರು, ಯಾರು ನೆಟ್ಟಗೆ ನಡೆದು ಹೋಗಿ ಕುಂಟುತ್ತ ಹೊರಗೆ ಬಂದರು ಎಂಬುದೆಲ್ಲ ಮಾಸ್ಟರ್ ಕಣ್ಣಿಗೆ ಬೀಳುತ್ತಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಗೆ ತರಬಾರದು ಎಂಬುದನ್ನು ಅವರು ಮೊದಲನೇ ವರ್ಷವೇ ಕಲಿತುಕೊಂಡಿದ್ದರು.

ಆ ಠಾಣೆಯ ಅಷ್ಟೂ ಜನರ ಮೈ ಅವರಿಗೆ ಬಾಯಿಪಾಠ. ಯಾರಿಗೆ ಒಂದು ಭುಜ ತಗ್ಗು, ಯಾರು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಎಲ್ಲ ಗೊತ್ತು. ಈ ಹೊಟ್ಟೆಯ ವಿಷಯಕ್ಕೇ ಹಿಂದೊಮ್ಮೆ ದೊಡ್ಡ ರಾದ್ಧಾಂತವಾಗಿತ್ತು. ಒಬ್ಬ ಸಾಹೇಬರು ಅಳತೆ ಕೊಟ್ಟು ಹೋದವರು ಮೂರು ತಿಂಗಳು ಬಿಟ್ಟು ಬಂದರು. ಪ್ಯಾಂಟು ಸೊಂಟಕ್ಕೆ ಏರಲಿಲ್ಲ. "ನಿನಗೆ ಕತ್ತರಿ ಹಿಡಿಯೋಕೆ ಯಾರು ಹೇಳಿಕೊಟ್ಟಿದ್ದು" ಎಂದು ಇಡೀ ಬೀದಿಗೆ ಕೇಳುವ ಹಾಗೆ ಬೈದರು. ತಪ್ಪು ಸಾಹೇಬರ ಹೊಟ್ಟೆಯದು, ಬೈಗುಳ ಮಾಸ್ಟರ್ ಕತ್ತರಿಗೆ. ಆವತ್ತಿನಿಂದ ಅವರು ಒಂದು ಪದ್ಧತಿ ಮಾಡಿಕೊಂಡರು. ದಪ್ಪ ರಟ್ಟಿನ ಅಳತೆ ಪುಸ್ತಕ ಒಂದು. ಎದೆ, ಸೊಂಟ, ತೋಳು, ಉದ್ದ ಎಲ್ಲ ಬರೆದು, ಪಕ್ಕದಲ್ಲಿ ತಾರೀಕು, ಗಂಟೆ, ಕೊನೆಯಲ್ಲಿ ಅಳತೆ ಕೊಟ್ಟವರ ಸಹಿ. ಗಂಟೆ ಯಾಕ್ರೀ ಎಂದು ಕೇಳಿದವರಿಗೆ, "ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದು ಸಾರ್, ಅರ್ಧ ಇಂಚು ವ್ಯತ್ಯಾಸ ಬರುತ್ತೆ" ಎನ್ನುತ್ತಿದ್ದರು. ಸಹಿಗೆ ಮುಂಚೆ ಟೇಪನ್ನು ಅವರ ಕಣ್ಣೆದುರಿಗೇ ಹಿಡಿದು, "ಟೇಪು ನೋಡಿ ಸಹಿ ಹಾಕಿ" ಎನ್ನುವುದು ಕಡ್ಡಾಯ. ಎಂಥ ಮೀಸೆಯ ಸಾಹೇಬರಾದರೂ ಬಗ್ಗಿ ಟೇಪು ನೋಡಿಯೇ ಸಹಿ ಹಾಕಬೇಕು.

ಇದು ಅವರು ತೆಗೆದುಕೊಳ್ಳುತ್ತಿದ್ದ ಸಹಿಯ ಕಥೆ. ಅವರು ಕೊಡುತ್ತಿದ್ದ ಸಹಿಯ ಕಥೆಯೇ ಬೇರೆ.

ಪೊಲೀಸರು ಯಾರಿಂದಲಾದರೂ ಏನನ್ನಾದರೂ ವಶಪಡಿಸಿಕೊಂಡರೆ ಮಹಜರು ಬರೆಯಬೇಕು. ಅದಕ್ಕೆ ಪೊಲೀಸರಲ್ಲದವರ ಸಾಕ್ಷಿ ಸಹಿ ಬೇಕು. ಪೊಲೀಸರ ಮಾತೊಂದನ್ನೇ ನಂಬಬಾರದು, ಹೊರಗಿನವರೂ ಕಣ್ಣಾರೆ ನೋಡಿರಬೇಕು ಎಂಬುದು ಕಾನೂನು ಮಾಡಿದವರ ಆಸೆ. ಆ ಹೊರಗಿನವರು ಎಷ್ಟು ದೂರದ ಹೊರಗಿನವರಾಗಿರಬೇಕು ಎಂದು ಅವರು ಬರೆಯಲಿಲ್ಲ. ಹದಿನೇಳು ಹೆಜ್ಜೆ ಸಾಕು ಎಂದು ಠಾಣೆಯವರು ತೀರ್ಮಾನಿಸಿದರು.

ಮೊದಲ ಸಲ ಕರೆದಾಗ ಮಾಸ್ಟರ್ ಕೊರಳಲ್ಲಿದ್ದ ಟೇಪು ತೆಗೆದಿಟ್ಟು, ತಲೆ ಬಾಚಿಕೊಂಡು ಹೋಗಿದ್ದರು. ಮೇಜಿನ ಮೇಲೆ ಒಂದು ಚಾಕು, ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತ ಒಬ್ಬ ಮನುಷ್ಯ. ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿಯೇ ಸಹಿ ಹಾಕಿದ್ದರು. ಮೂರು ವರ್ಷ ಹೀಗೇ ಹೋಗಿ ನೋಡಿ ಬಂದರು. ಆಮೇಲೆ ಕೆಲಸ ಜಾಸ್ತಿಯಾಯಿತು. "ಅಲ್ಲೇ ಬರೆದು ತನ್ನಿ" ಎಂದು ಪೇದೆಗಳಿಗೆ ಹೇಳಿದರು. ಕಾಗದವೇ ಅಂಗಡಿಗೆ ಬರತೊಡಗಿತು. ಆಮೇಲೆ ಓದುವುದೂ ನಿಂತಿತು. ಕೊನೆಕೊನೆಗೆ ಬರೆದ ಕಾಗದವೂ ಬರುತ್ತಿರಲಿಲ್ಲ, ಬರಿಯ ಕಾಗದ ಬರುತ್ತಿತ್ತು, ಒಂದೊಂದು ಸಲಕ್ಕೆ ಮೂರು ಮೂರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾಸ್ಟರ್ ಕೆಳತುದಿಯಲ್ಲಿ ಸಹಿ ಗೀಚುತ್ತಿದ್ದರು. ಕೋರ್ಟಿಗೂ ಹನ್ನೊಂದು ಸಲ ಹೋಗಿ, "ಹೌದು ಸ್ವಾಮಿ, ನನ್ನ ಕಣ್ಣೆದುರಿಗೇ" ಎಂದು ಹೇಳಿ ಬಂದಿದ್ದರು. ಒಮ್ಮೆಯಂತೂ ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿ, "ಏನ್ರೀ, ಈ ಊರಲ್ಲಿ ಕಳ್ಳ ಎಲ್ಲಿ ಸಿಕ್ಕಿಬಿದ್ದರೂ ಅಲ್ಲಿ ನೀವಿರ್ತೀರಲ್ಲ, ಬಟ್ಟೆ ಯಾವಾಗ ಹೊಲೀತೀರಿ" ಎಂದು ಕೇಳಿದ್ದರು. ಎಲ್ಲರೂ ನಕ್ಕರು. ಮಾಸ್ಟರೂ ನಕ್ಕರು.

ಆಗಲ್ಲ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗೋಡೆಯ ಮೇಲೆ ತೂಗುತ್ತಿದ್ದ ಅಷ್ಟೂ ಅಂಗಿ ಎದುರಿನವರದೇ. ಅನ್ನ ಕೊಡುವ ಕೈಯೇ ಪೆನ್ನನ್ನೂ ಚಾಚಿದರೆ ಏನೆನ್ನುವುದು? ಭಯ ಇತ್ತು, ಸುಳ್ಳಲ್ಲ. ಆದರೆ ಭಯದ ಜೊತೆಗೆ ಸಣ್ಣದೊಂದು ಖುಷಿಯೂ ಇತ್ತು, ಅದನ್ನೂ ಹೇಳಿಬಿಡಬೇಕು. ಊರಿನವರೆಲ್ಲ ಹೊರಗೆ ಬೆಂಚಿನ ಮೇಲೆ ಕಾಯುವ ಠಾಣೆಯಲ್ಲಿ ಮಾಸ್ಟರಿಗೆ ಒಳಗೆ ಒಂದು ಕುರ್ಚಿ ಇತ್ತು.

ಬೀದಿಯ ಜನ ಹಿಂದಿನಿಂದ ಅವರನ್ನು 'ಸಹಿ ಮಾಸ್ಟರ್' ಎನ್ನುತ್ತಿದ್ದರು. ಆದರೆ ಆ ಚುಡಾಯಿಸುವಿಕೆಯಲ್ಲಿ ವಿಷ ಇರಲಿಲ್ಲ. ಯಾಕೆಂದರೆ ಬಟ್ಟೆಯ ವಿಷಯದಲ್ಲಿ ಮಾಸ್ಟರ್ ಅಪ್ಪಟ ಬಂಗಾರ. ಕೊಟ್ಟ ಬಟ್ಟೆಯಲ್ಲಿ ಗೇಣುದ್ದ ಚೂರು ಉಳಿದರೂ ಮಡಿಸಿ ಜೇಬಿನಲ್ಲಿಟ್ಟು ವಾಪಸು ಕೊಡುತ್ತಿದ್ದರು. ಠಾಣೆಯ ಮಾತನ್ನು ಆ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಮಾಸ್ಟರ್ ಮಾತನ್ನು ನಂಬುತ್ತಿದ್ದರು.

ಹಿಂದಿನ ಬೀದಿಯಲ್ಲಿ ಕಾಜಾ ಅಕ್ಕ ಇದ್ದಳು. ಅಂಗಿಗಳಿಗೆ ಗುಂಡಿಯ ತೂತು ಹೊಲಿಯುವ ಕೆಲಸ, ಅಂದರೆ ಕಾಜಾ ಮಾಡುವ ಕೆಲಸ ಅವಳದು. ಮನೆಯಲ್ಲೇ ಕೂತು ಕೈಯಲ್ಲೇ ಮಾಡಿ, ದಿನ ಬಿಟ್ಟು ದಿನ ಗಂಟು ತಂದುಕೊಡುತ್ತಿದ್ದಳು. ಹದಿನಾಲ್ಕು ವರ್ಷದಿಂದ ಮಾಸ್ಟರ್ ಅಂಗಿಗಳಿಗೆ ಅವಳದೇ ಕಾಜಾ. ಅವಳ ಜೊತೆಗೆ ಅವಳ ತಮ್ಮ. ಹೊಲಿಗೆ ಮಿಷನ್ ರಿಪೇರಿ ಅವನ ಕಸುಬು. ಹೆಗಲಿಗೊಂದು ಚೀಲ ತಗುಲಿಸಿಕೊಂಡು ಅಂಗಡಿ ಅಂಗಡಿ ಸುತ್ತುತ್ತಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಬಸ್ ನಿಲ್ದಾಣದಲ್ಲಿ ಈ ಠಾಣೆಯ ಹೊಸ ದಫೇದಾರ ಒಬ್ಬ ಮುದಿ ಹಮಾಲನ ಕೆನ್ನೆಗೆ ಬಾರಿಸಿದ್ದನ್ನು ನೋಡಿ ಇವನು ಸುಮ್ಮನೆ ಮನೆಗೆ ಬರಲಿಲ್ಲ. ಒಂದು ಅರ್ಜಿ ಬರೆದು ಮೇಲಿನ ಕಚೇರಿಗೆ ಕಳಿಸಿದ. ಮೇಲಿನವರು ಅದನ್ನು ಕೆಳಗೆ ಕಳಿಸಿ, ಏನಿದು ಎಂದು ಠಾಣೆಯನ್ನೇ ಕೇಳಿದರು. ಅಲ್ಲಿಗೆ ಅರ್ಜಿ ಬರೆದವನ ವಿಳಾಸ ಠಾಣೆಯ ಕೈಗೆ ಸಿಕ್ಕಿದಂತಾಯಿತು.

ಅದೊಂದು ಮಂಗಳವಾರ ಮಾಸ್ಟರ್ ಮಿಷನ್ನು ದಾರ ನುಂಗಿಕೊಂಡು ಮುಷ್ಕರ ಹೂಡಿತು. ಅಕ್ಕನಿಗೆ ಹೇಳಿ ಕಳಿಸಿದರು. ಹತ್ತೂವರೆಗೆ ತಮ್ಮ ಬಂದು ಮಿಷನ್ ಕೆಳಗೆ ಅಂಗಾತ ಮಲಗಿದ. ಹನ್ನೊಂದರ ಹೊತ್ತಿಗೆ ಆ ದಫೇದಾರ ಬಂದ. ಪೇದೆಯಿಂದ ದಫೇದಾರನಾಗಿ ತಿಂಗಳಾಗಿತ್ತು, ತೋಳಿನ ಮೇಲೆ ಹೊಸ ಪಟ್ಟಿ, ಅದಕ್ಕೆ ತಕ್ಕ ಹೊಸ ಅಂಗಿ ಬೇಕಿತ್ತು.

"ಯಾರದ್ರೀ ಅದು ಕಾಲು?" ಎಂದ, ಮಿಷನ್ ಕೆಳಗಿನಿಂದ ಹೊರಗೆ ಚಾಚಿದ್ದ ಪಾದಗಳನ್ನು ನೋಡಿ.

"ರಿಪೇರಿಯವನು ಸಾರ್. ನೀವು ಕೈ ಎತ್ತಿ" ಎಂದರು ಮಾಸ್ಟರ್.

ಅಳತೆಯಾಯಿತು. ಸೊಂಟ ಮೂವತ್ತೆಂಟು. ದಫೇದಾರ ಒಪ್ಪಲಿಲ್ಲ. ಮೂವತ್ತೇಳೂವರೆ ಎಂದ. ಮಾಸ್ಟರ್ ಇನ್ನೊಮ್ಮೆ ಸುತ್ತಿದರು. ಉಸಿರು ಬಿಡಿ ಎಂದರು. ಟೇಪನ್ನು ಅವನ ಮೂಗಿನ ಹತ್ತಿರ ಹಿಡಿದರು. ದಫೇದಾರ ಗೊಣಗುತ್ತ ನೋಡಿ, ಪುಸ್ತಕದಲ್ಲಿ ಹನ್ನೊಂದು ಹತ್ತು ಎಂದು ಬರೆದ ಸಾಲಿನ ಪಕ್ಕದಲ್ಲಿ ಸಹಿ ಹಾಕಿದ. ಆಮೇಲೆ ಜೇಬಿನಿಂದ ಮಡಿಸಿದ ಮೂರು ಬರಿಯ ಕಾಗದ ತೆಗೆದು ಮೇಜಿನ ಮೇಲೆ ಹರಡಿದ. ಮಾಸ್ಟರ್ ಮೂರಕ್ಕೂ ಸಹಿ ಹಾಕಿದರು. ಅರ್ಧ ಇಂಚಿಗೆ ಐದು ನಿಮಿಷ ಜಗಳವಾಡಿದ ಇಬ್ಬರೂ ಆ ಮೂರು ಕಾಗದದ ಬಗ್ಗೆ ಒಂದು ಮಾತೂ ಆಡಲಿಲ್ಲ. ಹನ್ನೆರಡು ಗಂಟೆಗೆ ತಮ್ಮ ಮಿಷನ್ ತಿರುಗಿಸಿ ತೋರಿಸಿ, ಚೀಲ ಎತ್ತಿಕೊಂಡು ಹೋದ. ಅವನ ಸ್ಕ್ರೂಡ್ರೈವರ್ ಒಂದು ಮಿಷನ್ ಕೆಳಗೇ ಉಳಿಯಿತು.

ಎರಡು ಗಂಟೆಗೆ ಅವನ ಮನೆಯ ಬಾಗಿಲಲ್ಲೇ ಅವನನ್ನು ಹಿಡಿದೊಯ್ದರು.

ಆಮೇಲೆ ಕಾಜಾ ಅಕ್ಕ ಅಂಗಡಿಯ ಕಡೆ ಬರಲಿಲ್ಲ, ಹದಿನೈದು ದಿನವಾದ ಮೇಲೆ ಗಂಟು ತಂದಳು. ಯಾವಾಗಲೂ ಗಂಟು ಮೇಜಿನ ಮೇಲೆ ಎಸೆದು, "ಎಣಿಸ್ಕೊಳ್ಳಿ ಮಾಸ್ಟರ್, ಆಮೇಲೆ ಒಂದು ಕಮ್ಮಿ ಅನ್ಬೇಡಿ" ಎನ್ನುವವಳು ಆವತ್ತು ಮೆಲ್ಲಗೆ ಇಟ್ಟಳು. ಸೆರಗಿನಿಂದ ಒಂದು ಕಾಗದ ತೆಗೆದು ಅದರ ಪಕ್ಕದಲ್ಲಿಟ್ಟಳು.

"ವಕೀಲರು ಕೊಟ್ಟರು. ಇದರಲ್ಲಿರೋ ಸಹಿ ನಿಮ್ದಾ ನೋಡಿ."

ಕಾಗದದಲ್ಲಿ ಹೀಗಿತ್ತು: ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹದಿನೈದು ನಿಮಿಷಕ್ಕೆ ಬಸ್ ನಿಲ್ದಾಣದಲ್ಲಿ ಈ ಆರೋಪಿಯ ಚೀಲದಿಂದ ಕಳವು ಮಾಡಿದ ಏಳು ಮೊಬೈಲ್ ಫೋನುಗಳನ್ನು, ಗಸ್ತಿನಲ್ಲಿದ್ದ ದಫೇದಾರರು, ಈ ಕೆಳಗೆ ಸಹಿ ಮಾಡಿದವರ ಸಮಕ್ಷಮದಲ್ಲಿ ವಶಪಡಿಸಿಕೊಂಡರು. ಕೆಳಗೆ ದಫೇದಾರನ ಸಹಿ, ಅದರ ಕೆಳಗೆ ಸಾಕ್ಷಿಗಳ ಎರಡು ಸಹಿ. ಒಂದು ಯಾರದೋ ಓದಲಾಗದ ಗೀಚು. ಇನ್ನೊಂದು ಮಾಸ್ಟರದು, ಕೊನೆಯ ಅಕ್ಷರದ ಬಾಲವನ್ನು ಹೊಲಿಗೆಯಂತೆ ಹಿಂದಕ್ಕೆ ತಿರುಗಿಸಿದ ಸಹಿ. ಹದಿನಾಲ್ಕು ವರ್ಷ ಅದನ್ನು ಚೀಟಿಗಳ ಮೇಲೆ ನೋಡಿದವಳಿಗೆ ಗುರುತು ಸಿಗದೆ ಇರುತ್ತದೆಯೇ?

ಮಾಸ್ಟರ್ ಅದನ್ನು ಎರಡು ಸಲ ಓದಿದರು.

"ನಮ್ಮ ಹುಡುಗ ಹನ್ನೊಂದು ಗಂಟೆಗೆ ಎಲ್ಲಿದ್ದ ಮಾಸ್ಟರ್?" ಎಂದು ಅವಳು ಕೇಳಿದಳು.

ಮಾಸ್ಟರ್ ಕಣ್ಣುಗಳು ತಾವಾಗಿಯೇ ಮಿಷನ್ ಕೆಳಗೆ ಹೋದವು. ಬಿಟ್ಟುಹೋದ ಸ್ಕ್ರೂಡ್ರೈವರ್ ಇನ್ನೂ ಅಲ್ಲೇ ಬಿದ್ದಿತ್ತು.

"ನಾನು ಇನ್ನೇನೂ ಕೇಳಲ್ಲ. ಕಾಜಾ ಮಾಡ್ತಾ ಇರ್ತೀನಿ. ಬೇರೆ ಕೆಲಸ ನನಗೂ ಗೊತ್ತಿಲ್ಲ" ಎಂದು ಹೇಳಿ ಹೊಸ ಅಂಗಿಗಳ ಕಟ್ಟು ಎತ್ತಿಕೊಂಡು ಹೋದಳು. ಆ ಕಟ್ಟಿನಲ್ಲಿ ದಫೇದಾರನ ಹೊಸ ಅಂಗಿಯೂ ಇತ್ತು. ತಮ್ಮನ ಮೇಲೆ ಕೇಸು ಹಾಕಿದವನ ಎದೆಯ ಮೇಲಿನ ಏಳು ಕಾಜಾಗಳನ್ನು ಅವಳೇ ಮಾಡಿದಳು, ಒಂದು ಎಳೆಯೂ ಸಡಿಲಾಗದ ಹಾಗೆ.

ಠಾಣೆಯವರು ಯಾಕೆ ಇಷ್ಟು ದೊಡ್ಡ ಎಡವಟ್ಟು ಮಾಡಿಕೊಂಡರು ಎಂಬುದು ಮಾಸ್ಟರಿಗೆ ನಿಧಾನವಾಗಿ ಹೊಳೆಯಿತು. ದಫೇದಾರ ಆವತ್ತು ಅಳತೆ ಕೊಡಲು ಬಂದದ್ದು ಡ್ಯೂಟಿಯ ಹೊತ್ತಿನಲ್ಲಿ. ಠಾಣೆಯ ದಿನಚರಿಯಲ್ಲಿ 'ಹತ್ತೂಮುಕ್ಕಾಲರಿಂದ ಹನ್ನೆರಡರವರೆಗೆ ಬಸ್ ನಿಲ್ದಾಣದಲ್ಲಿ ಗಸ್ತು' ಎಂದು ಬರೆಸಿ ಬಂದಿದ್ದ. ಮಹಜರು ಬರೆಯುವ ರೈಟರು ದಿನಚರಿ ತೆರೆದು ನೋಡಿದ, ದಫೇದಾರ ಎಲ್ಲಿದ್ದ ಎಂದಿದೆಯೋ ಅಲ್ಲೇ, ಆ ಹೊತ್ತಿಗೇ ಫೋನುಗಳನ್ನು ಸಿಗುವಂತೆ ಮಾಡಿದ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಹೊಲಿದಿದ್ದ. ಅಂಗಾತ ಮಲಗಿದವನ ಮುಖವನ್ನು ದಫೇದಾರ ನೋಡಿರಲಿಲ್ಲ ಅಷ್ಟೆ.

ಆವತ್ತಿನಿಂದ ಮಾಸ್ಟರಿಗೆ ಹದಿನೇಳು ಹೆಜ್ಜೆ ತೀರ ಹತ್ತಿರವಾಯಿತು. ಠಾಣೆಯ ಬಾಗಿಲಲ್ಲಿ ಯಾರಾದರೂ ಕೆಮ್ಮಿದರೆ ಬೆರಳಿಗೆ ಸೂಜಿ ಚುಚ್ಚುತ್ತಿತ್ತು. ಬಾಗಿಲಿಗೆ ಬೆನ್ನು ಹಾಕಿ ಕೂತು ನೋಡಿದರು, ಆಗ ನಿಲುವುಗನ್ನಡಿಯಲ್ಲಿ ಠಾಣೆ ಕಾಣಿಸಿತು. ಕನ್ನಡಿಗೆ ಬಟ್ಟೆ ಮುಚ್ಚಿದರು. ಗೋಡೆಯ ಮೇಲೆ ಸಾಲಾಗಿ ತೂಗುವ ಖಾಲಿ ಅಂಗಿಗಳು ಉಳಿದವು, ಅವುಗಳಿಗೆ ಏನು ಮುಚ್ಚುವುದು?

ಮನೆಯಲ್ಲಿ ಹೆಂಡತಿಯ ಮುಂದೆ ಬಾಯಿಬಿಟ್ಟರು. ನಿಜ ಹೇಳಿದರೆ ಸುಳ್ಳು ಸಾಕ್ಷಿಗೆ ಸಹಿ ಹಾಕಿದ ತಪ್ಪಿಗೆ ತಾವೇ ಒಳಗೆ ಹೋಗಬೇಕು. ಹೇಳದಿದ್ದರೆ ಆ ಹುಡುಗ ಮೂರು ವರ್ಷಕ್ಕೆ ಹೋಗುತ್ತಾನೆ. ಏನು ಮಾಡಲಿ ಎಂದು ಕೇಳಿದರು.

"ಇಷ್ಟು ವರ್ಷ ಸಹಿ ಹಾಕುವಾಗ ನನ್ನ ಕೇಳಿದ್ರಾ? ಈಗ ಯಾಕೆ ಕೇಳ್ತೀರಾ?" ಎಂದಳು ಹೆಂಡತಿ. ಊಟದ ತಟ್ಟೆ ಎತ್ತುತ್ತ, "ಆ ಅಳತೆ ಪುಸ್ತಕ ಎಲ್ಲಿದೆ?" ಎಂದು ಕೇಳಿದಳು.

"ಅಂಗಡೀಲಿ."

"ನಾಳೆ ಬರುವಾಗ ತನ್ನಿ. ಅದು ಅಲ್ಲಿರೋದು ಬೇಡ."

ತಂದರು. ಅವಳು ಅದನ್ನು ಹಾಸಿಗೆ ಹೊದಿಕೆಗಳ ಪೆಟ್ಟಿಗೆಯ ತಳದಲ್ಲಿಟ್ಟಳು. ಒಳ್ಳೆಯ ಬುದ್ಧಿಯ ಹೆಂಗಸು, ಸರಿಯಾದ ಹೊತ್ತಿಗೆ ಮಾಡಿದಳು. ಯಾಕೆಂದರೆ ಕೋರ್ಟಿನಿಂದ ಮಾಸ್ಟರಿಗೆ ಸಾಕ್ಷಿ ಹೇಳಲು ಕರೆ ಬಂದ ವಾರವೇ ದಫೇದಾರ ಅಂಗಡಿಗೆ ಬಂದು, ಮೇಜಿಗೆ ಒರಗಿ ನಿಂತ.

"ಮಾಸ್ಟರ್, ಅಂಗಿ ಬಿಗಿ ಆಗ್ತಿದೆ. ಇನ್ನೊಂದ್ಸಲ ಅಳತೆ ತಗೊಳ್ಳಿ."

ಮಾಸ್ಟರ್ ಟೇಪು ಸುತ್ತಿದರು. ಮೂವತ್ತೊಂಬತ್ತು.

"ಹೊಸದು ಬರೆದುಕೊಳ್ಳಿ, ಹಳೇ ಹಾಳೆ ಹರಿದುಬಿಡಿ. ಹಳೇ ಅಳತೆ ಯಾರಿಗೆ ಬೇಕು?" ದಫೇದಾರ ಮೆಲ್ಲಗೆ ಹೇಳಿದ. "ಪುಸ್ತಕ ಎಲ್ಲಿ?"

"ತುಂಬಿ ಹೋಯ್ತು ಸಾರ್. ಹೊಸದು ತರಬೇಕು."

"ತುಂಬಿದ್ದು ಎಲ್ಲಿ?"

"ಮನೇಲೆಲ್ಲೋ ಹುಡುಕಬೇಕು."

ದಫೇದಾರ ಅವರ ಮುಖವನ್ನೇ ನೋಡಿದ. ಅವನು ರಾಕ್ಷಸನೇನಲ್ಲ. ಎರಡು ಮಕ್ಕಳ ತಂದೆ, ಮಂಡಿ ನೋವಿನವನು, ಅವನ ಎಡಗಾಲು ಬಲಗಾಲಿಗಿಂತ ಕಾಲಿಂಚು ಗಿಡ್ಡ ಎಂಬುದು ಅವನ ಹೆಂಡತಿಗೂ ಗೊತ್ತಿಲ್ಲ, ಮಾಸ್ಟರಿಗೆ ಗೊತ್ತು.

"ನೋಡಿ ಮಾಸ್ಟರ್, ಸಾಹೇಬರು ಕೇಸ್ ಹಾಕು ಅಂದ್ರು, ಹಾಕಿದೆ. ನನ್ನ ಕೈಲೇನಿದೆ? ನೀವು ಬರಿ ಕಾಗದಕ್ಕೆ ಸಹಿ ಹಾಕಿದೆ ಅಂದ್ರೆ ಮೊದಲು ಒಳಗೆ ಹೋಗೋರು ನೀವು. ಆಮೇಲೆ ನಾನು. ಸಾಹೇಬರು ಯಾವತ್ತೂ ಹೋಗಲ್ಲ. ಯೋಚನೆ ಮಾಡಿ" ಎಂದು ಹೇಳಿ, ಹೋಗುವಾಗ ಗೋಡೆಯ ಅಂಗಿಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದ.

ಯೋಚನೆ ಮಾಡದೆ ಇನ್ನೇನು ಮಾಡುತ್ತಿದ್ದರು ಪಾಪ? ಐದು ತಿಂಗಳಿಂದ ಅದನ್ನೇ ಮಾಡುತ್ತಿದ್ದರು. ಕಾಜಾ ಅಕ್ಕ ದಿನ ಬಿಟ್ಟು ದಿನ ಬರುತ್ತಿದ್ದಳು, ಮಾತಾಡದೆ ಹೋಗುತ್ತಿದ್ದಳು. ಕಾಯಿಲೆ ಎಂದು ಮಲಗಿಬಿಡಲೇ ಎಂದುಕೊಂಡರು. ಅಂಗಡಿ ಮುಚ್ಚಿ ತಂಗಿಯ ಊರಿಗೆ ಹೋಗಿಬಿಡಲೇ ಎಂದುಕೊಂಡರು. ಐವತ್ತೊಂಬತ್ತನೇ ವಯಸ್ಸಿನಲ್ಲಿ ಹೊಸ ಊರಲ್ಲಿ ಯಾರ ಅಳತೆ ತೆಗೆಯುವುದು ಎಂದು ಅದನ್ನೂ ಬಿಟ್ಟರು.

ಕೋರ್ಟಿನ ದಿನ ಹೆಂಡತಿ ಪುಸ್ತಕವನ್ನು ಒಂದು ಚೀಲದಲ್ಲಿಟ್ಟು ಬಾಗಿಲ ಪಕ್ಕ ತೂಗುಹಾಕಿದ್ದಳು. ತಗೊಳ್ಳಿ ಎನ್ನಲಿಲ್ಲ, ಬಿಡಿ ಎನ್ನಲಿಲ್ಲ. ಮಾಸ್ಟರ್ ಚಪ್ಪಲಿ ಹಾಕಿಕೊಂಡರು, ಎರಡು ಹೆಜ್ಜೆ ಹೋದರು, ಹಿಂದೆ ಬಂದು ಚೀಲ ತೆಗೆದುಕೊಂಡರು.

ಸಾಕ್ಷಿಕಟ್ಟೆ ಅವರಿಗೆ ಹೊಸದಲ್ಲ. ಅದರ ಮರದ ಅಂಚು ಎಲ್ಲಿ ಸವೆದಿದೆ ಎಂಬುದೂ ಗೊತ್ತಿತ್ತು. ಸರ್ಕಾರಿ ವಕೀಲರು ಕಾಗದ ತೋರಿಸಿ ಎಂದಿನ ಪ್ರಶ್ನೆ ಕೇಳಿದರು.

"ಈ ಸಹಿ ನಿಮ್ಮದೇನಾ?"

"ನನ್ನದೇ ಸ್ವಾಮಿ."

"ಈ ಫೋನುಗಳನ್ನು ನಿಮ್ಮ ಎದುರಿಗೇ ವಶಪಡಿಸಿಕೊಂಡರು, ಅಲ್ಲವೇ?"

ಇಲ್ಲಿ ಹೌದು ಎನ್ನಬೇಕು. ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು, ಹೌದು ಎನ್ನುವ ಹ ಆಗಲೇ ಹೊರಟಿತ್ತು. ಮಾಸ್ಟರ್ ಎದುರಿಗೆ ನೋಡಿದರು. ಕಟಕಟೆಯಲ್ಲಿ ಅಕ್ಕನ ತಮ್ಮ ನಿಂತಿದ್ದ. ಐದು ತಿಂಗಳಲ್ಲಿ ಅವನ ಭುಜ ಎರಡಿಂಚು ಇಳಿದಿತ್ತು, ಅಂಗಿ ಬೇರೆಯವರದರಂತೆ ಜೋತಾಡುತ್ತಿತ್ತು. ಬೇರೆಯವರ ಮೈ ಅಳೆದೇ ಬದುಕಿದ ಮನುಷ್ಯನಿಗೆ ಅದನ್ನು ನೋಡಿಯೂ ಸುಮ್ಮನಿರಲು ಆಗಲಿಲ್ಲ.

"ಇಲ್ಲ ಸ್ವಾಮಿ. ಆ ಹೊತ್ತಿಗೆ ಇವನು ನನ್ನ ಅಂಗಡೀಲಿ ಮಿಷನ್ ಕೆಳಗೆ ಮಲಗಿದ್ದ. ಬರಿ ಕಾಗದಕ್ಕೆ ನಾನು ಸಹಿ ಹಾಕಿದೆ."

ಸರ್ಕಾರಿ ವಕೀಲರು ಒಂದು ಕ್ಷಣ ತಬ್ಬಿಬ್ಬಾದರು, ಆಮೇಲೆ ಸಿಟ್ಟಾದರು. ಈ ಮನುಷ್ಯನನ್ನು ಆರೋಪಿಯ ಕಡೆಯವರು ಒಲಿಸಿಕೊಂಡಿದ್ದಾರೆ, ಆರೋಪಿಯ ಅಕ್ಕ ಇವರ ಹತ್ತಿರವೇ ಕೆಲಸಕ್ಕಿದ್ದಾಳೆ ಎಂದರು. ಇದೇ ಕಟ್ಟೆಯಲ್ಲಿ ಹನ್ನೊಂದು ಸಲ ಕಣ್ಣಾರೆ ಕಂಡೆ ಎಂದು ಪ್ರಮಾಣ ಮಾಡಿದವರು ಇವರು, ಆಗ ಹೇಳಿದ್ದು ಸುಳ್ಳೋ ಈಗ ಹೇಳುವುದು ಸುಳ್ಳೋ ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ.

ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿದರು. ಈ ಸಲ ತಮಾಷೆಗಲ್ಲ. "ನಿಮ್ಮ ಮಾತನ್ನ ನಾನು ಹೇಗೆ ನಂಬಲಿ?"

"ನನ್ನ ಮಾತು ನಂಬಬೇಡಿ ಸ್ವಾಮಿ. ಪುಸ್ತಕ ನೋಡಿ" ಎಂದು ಮಾಸ್ಟರ್ ಚೀಲದಿಂದ ರಟ್ಟಿನ ಪುಸ್ತಕ ತೆಗೆದುಕೊಟ್ಟರು.

ನ್ಯಾಯಾಧೀಶರು ಹಾಳೆ ತಿರುಗಿಸಿದರು. ಎದೆ ನಲವತ್ತು, ಸೊಂಟ ಮೂವತ್ತೆಂಟು, ಮಂಗಳವಾರದ ತಾರೀಕು, ಗಂಟೆ ಹನ್ನೊಂದು ಹತ್ತು, ಪಕ್ಕದಲ್ಲಿ ಸಹಿ. ಅವರು ಮಹಜರಿನ ಮೇಲಿದ್ದ ದಫೇದಾರನ ಸಹಿಯನ್ನು ಅದರ ಪಕ್ಕ ಇಟ್ಟು ನೋಡಿದರು. ಬಸ್ ನಿಲ್ದಾಣಕ್ಕೂ ನಿಮ್ಮ ಅಂಗಡಿಗೂ ಎಷ್ಟು ದೂರ ಎಂದು ಕೇಳಿದರು. ನಡೆದರೆ ಅರ್ಧ ಗಂಟೆ, ಗಾಡಿಯಲ್ಲಾದರೂ ಹತ್ತು ನಿಮಿಷ ಎಂದರು ಮಾಸ್ಟರ್. ಹಿಂದೆ ಗೋಡೆಗೆ ಒರಗಿ ನಿಂತಿದ್ದ ದಫೇದಾರನನ್ನು ಮುಂದೆ ಕರೆದರು. ಅವನು ಬಗ್ಗಿ ತನ್ನ ಸಹಿಯನ್ನು ಬಹಳ ಹೊತ್ತು ನೋಡಿದ, ಆಮೇಲೆ ತನ್ನದೇ ಎಂದ.

ಪುಸ್ತಕ ಮುಚ್ಚುವ ಮುಂಚೆ ನ್ಯಾಯಾಧೀಶರು ಮಾಸ್ಟರನ್ನು ಇನ್ನೊಂದು ಮಾತು ಕೇಳಿದರು. "ಒಂದು ಪ್ಯಾಂಟಿಗೆ ಟೇಪು ತೋರಿಸಿ, ಗಂಟೆ ಬರೆದು ಸಹಿ ತಗೋತೀರಿ. ಒಬ್ಬ ಮನುಷ್ಯನನ್ನ ಜೈಲಿಗೆ ಕಳಿಸೋ ಕಾಗದಕ್ಕೆ ಯಾಕ್ರೀ ನೋಡದೆ ಸಹಿ ಹಾಕಿದಿರಿ?"

ಮಾಸ್ಟರ್ ಕಟ್ಟೆಯ ಸವೆದ ಅಂಚನ್ನು ಹಿಡಿದುಕೊಂಡು ನಿಂತರು. ನಾಚಿಕೆ ಎಂಬುದು ಅವರ ಮೈಯ ಎಲ್ಲ ಕಡೆ ಒಮ್ಮೆಗೇ ಹತ್ತಿಕೊಂಡಿತು.

ಹುಡುಗನ ಬಿಡುಗಡೆಯಾಯಿತು. ದಫೇದಾರನ ಮೇಲೆ ವಿಚಾರಣೆ ಶುರುವಾಯಿತು. ಠಾಣೆಯ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು, ಅದೂ ಸ್ವಲ್ಪ ದೊಡ್ಡ ಊರಿಗೇ. ಮಾರನೇ ದಿನ ಇಬ್ಬರು ಪೇದೆಗಳು ಬಂದು ಗೋಡೆಯ ಮೇಲಿದ್ದ ಅಂಗಿಗಳನ್ನೆಲ್ಲ, ಒಂದು ತೋಳು ಹಚ್ಚಿದ್ದು, ಕಾಲರು ಹಚ್ಚದ್ದು, ಎಲ್ಲವನ್ನೂ ಮೂಟೆ ಕಟ್ಟಿಕೊಂಡು ಹೋದರು. ಬೀದಿಯ ಜನ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗೆ ಇಣುಕಿ ಹೋಗತೊಡಗಿದರು. ಯಾರೂ ಬೈಯಲಿಲ್ಲ. ಯಾರೂ ಬಟ್ಟೆಯನ್ನೂ ತರಲಿಲ್ಲ.

ಅದಾಗಿ ಒಂದು ತಿಂಗಳಿಗೆ ಕೋರ್ಟಿನಿಂದ ಒಂದು ಪಟ್ಟಿ ಬಂತು. ಮಾಸ್ಟರ್ ಸಾಕ್ಷಿ ಸಹಿ ಹಾಕಿದ ಹಳೆಯ ಪ್ರಕರಣಗಳು, ಮೂವತ್ತಾರು. ಪ್ರತಿಯೊಂದರ ಎದುರಿಗೂ ನೋಡಿದ್ದೇನು, ನೋಡದ್ದೇನು ಎಂದು ಅವರು ಬರೆದುಕೊಡಬೇಕು. ಅವರ ಮೇಲೂ ಕೇಸು ಹಾಕಬೇಕೋ ಬೇಡವೋ ಎಂಬುದು ಆಮೇಲೆ. ಮಾಸ್ಟರ್ ಖಾಲಿ ಗೋಡೆಯ ಎದುರು ಕೂತು ಪಟ್ಟಿ ಓದಿದರು. ಪ್ರತಿ ಕಾಗದವನ್ನೂ ತಂದ ಪೊಲೀಸಿನವನ ಸೊಂಟದ ಅಳತೆ ಅವರಿಗೆ ನೆನಪಿತ್ತು. ಆರೋಪಿಗಳಲ್ಲಿ ಮೊದಲ ಮೂರು ವರ್ಷದ ನಾಲ್ಕು ಮುಖ ಬಿಟ್ಟರೆ ಒಂದೂ ನೆನಪಿರಲಿಲ್ಲ. ನೆನಪಿರಲು ಅವರು ನೋಡಿದ್ದರೆ ತಾನೆ?

ಆವತ್ತೇ ಕಾಜಾ ಅಕ್ಕ ತಮ್ಮನ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಲು ಬಂದಳು. ಮಾಸ್ಟರ್ ಡ್ರಾಯರಿನಿಂದ ತೆಗೆದುಕೊಟ್ಟರು. ಅವಳ ಕಣ್ಣು ಪಟ್ಟಿಯ ಮೇಲೆ ಬಿತ್ತು. ನಿಂತಲ್ಲೇ ಓದುತ್ತ ಹೋದವಳು ಹತ್ತೊಂಬತ್ತನೇ ಸಾಲಿಗೆ ಬೆರಳಿಟ್ಟಳು.

"ಇವನು ನಮ್ಮ ಬೀದಿಯ ಇಸ್ತ್ರಿ ಅಜ್ಜಿ ಮಗ. ಅಂಗಡಿಯಿಂದ ಪಾತ್ರೆ ಕದ್ದ ಅಂತ ಎರಡು ವರ್ಷ ಒಳಗಿದ್ದ. ಹೊರಗೆ ಬಂದ್ಮೇಲೆ ಅಜ್ಜಿ ಮನೆಗೆ ಸೇರಿಸಲಿಲ್ಲ."

"ಯಾಕೆ? ತಾಯಿ ಅಲ್ವಾ?" ಎಂದರು ಮಾಸ್ಟರ್.

"ಮೊದಲು ಅವಳೂ ನಂಬಿರಲಿಲ್ಲ. ಪೊಲೀಸರು ಹೇಳಿದ್ದನ್ನ ಯಾರು ನಂಬ್ತಾರೆ? ಆಮೇಲೆ ಮಾಸ್ಟರ್ ಸಹಿ ಇದೆ ಅಂತ ಗೊತ್ತಾಯ್ತು. ಚಿಂದಿ ಬಟ್ಟೇನೂ ವಾಪಸ್ ಕೊಡೋ ಮನುಷ್ಯ, ಸುಳ್ಳು ಹೇಳ್ತಾರಾ ಅಂದ್ಲು. ನಾನೂ ಹೌದು ಅಂದಿದ್ದೆ."

ಅವಳು ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮಾಸ್ಟರ್ ಎದ್ದು ಬಾಗಿಲು ಎಳೆದುಕೊಂಡರು. ಮನೆ ತೋರಿಸುತ್ತೀಯಾ ಎಂದು ಕೇಳಿದರು. ಅವಳು ಮುಂದೆ ನಡೆದಳು, ಇವರು ಹಿಂದೆ. ನಲ್ಲಿಯಿಂದ ಮೂರನೇ ಬಾಗಿಲು.

ಇಸ್ತ್ರಿ ಅಜ್ಜಿ ಇವರನ್ನು ಕಂಡ ಕೂಡಲೇ ಸಡಗರದಿಂದ ಎದ್ದು, ಮಡಿಸಿದ ಬಟ್ಟೆಗಳನ್ನು ಸರಿಸಿ, ಇದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟಳು. ಮಾಸ್ಟರ್ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು. ಅಜ್ಜಿ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟು ಕೇಳಿದಳು.

"ಹಂಗಾದ್ರೆ ನನ್ನ ಮಗ ಕದ್ದಿಲ್ವಾ?"

ಕದ್ದಿಲ್ಲ ಎಂದುಬಿಡಬಹುದಿತ್ತು. ಆ ಮುದುಕಿಯ ಮುಖ ನೋಡಿದರೆ ಯಾರಾದರೂ ಹಾಗೆಯೇ ಹೇಳುತ್ತಿದ್ದರು. ಆದರೆ ಅದನ್ನೂ ಮಾಸ್ಟರ್ ನೋಡಿರಲಿಲ್ಲ.

"ಗೊತ್ತಿಲ್ಲಮ್ಮ. ನಾನು ನೋಡಿಲ್ಲ ಅನ್ನೋದಷ್ಟೇ ನನಗೆ ಗೊತ್ತು."

ಅಜ್ಜಿ ಸರಿಸಿಟ್ಟ ಬಟ್ಟೆಗಳನ್ನು ಮತ್ತೆ ಒಂದೊಂದಾಗಿ ಜೋಡಿಸಿದಳು. "ಆರು ವರ್ಷ ಆಯ್ತು ಅವನು ಹೋಗಿ. ಎಲ್ಲಿದಾನೆ ಅಂತ ಗೊತ್ತು. ನಾನು ಬಾ ಅಂದ್ರೆ ಬರಲ್ಲ. ನಾನು ಹೇಳಿದ್ದನ್ನ ಅವನು ನಂಬಲ್ಲ" ಎಂದಳು. ಆಮೇಲೆ ಒಳಗೆ ಹೋಗಿ, ಬಟ್ಟೆ ಲೆಕ್ಕ ಬರೆಯುವ ನೋಟ್‌ಬುಕ್ಕಿನಿಂದ ಒಂದು ಹಾಳೆ ಕಿತ್ತು ತಂದು ಅವರ ಮುಂದೆ ಹಿಡಿದಳು. ಬಿಳಿ ಹಾಳೆ, ಏನೂ ಬರೆದಿರಲಿಲ್ಲ.

"ಈಗ ಹೇಳಿದ್ದಕ್ಕೆ ಒಂದು ಸಹಿ ಹಾಕಿ ಕೊಡಿ ಮಾಸ್ಟರ್. ಯಾರ ಹತ್ರ ಆದ್ರೂ ಬರೆಸಿಕೊಳ್ತೀನಿ."

ಮಾಸ್ಟರ್ ಹಾಳೆ ತೆಗೆದುಕೊಂಡು, ಇಸ್ತ್ರಿ ಮೇಜಿನ ಬೆಚ್ಚಗಿದ್ದ ಮೂಲೆಯಲ್ಲಿ ಅದನ್ನು ಹರಡಿದರು. ಬರಿಯ ಹಾಳೆಗೆ ಸಹಿ ಹಾಕಲ್ಲಮ್ಮ ಎಂದರು. ತಾರೀಕು ಬರೆದರು, ಗಂಟೆ ಬರೆದರು. ಒಂದೊಂದು ಸಾಲು ಬರೆದಾಗಲೂ ಅಜ್ಜಿಗೆ ಓದಿ ಹೇಳಿದರು. ಬರೆದು ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು, ಪಟ್ಟಿಯಲ್ಲಿ ಇನ್ನೂ ಮೂವತ್ತೈದು ಸಾಲು ಉಳಿದಿದ್ದವು.